ಕೇಳುವವರಿರುವ ಗೊಂಬೆ

ಗೀತಮ್ಮ ಬೆಳಗ್ಗೆ ಅಂಗಡಿಯ ಷಟರ್ ಎತ್ತಿ ಒಳಗೆ ಬಂದಾಗ ಮೇಜಿನ ಮೇಲೆ ಹನ್ನೊಂದು ಡಬ್ಬಗಳಿದ್ದವು. ಹಿಂದಿನ ಸಂಜೆ ಬಾಗಿಲು ಹಾಕುವಾಗ ಹನ್ನೆರಡು ಇದ್ದವು. ಮೇಜಿನ ಕೆಳಗೆ ಬಗ್ಗಿ ನೋಡಿದಳು, ಟಿವಿಯ ಹಿಂದೆ ಕೈ ಹಾಕಿದಳು, ಕಸದ ಬುಟ್ಟಿಯನ್ನೂ ಬೋರಲು ಹಾಕಿದಳು. ಇಲ್ಲ. ಉಳಿದ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಯಾವುದು ಹೋಗಬಾರದಿತ್ತೋ ಅದೇ ಹೋಗಿತ್ತು, ಕೊಕ್ಕರೆ ಸಿನಿಮಾದ ಕ್ಯಾಸೆಟ್ಟು.

ಆ ಹನ್ನೆರಡೂ ಎಣ್ಣೆ ಮಿಲ್ಲಿನ ಶಿವಮೂರ್ತಪ್ಪನವರವು. ಚಳ್ಳಕೆರೆಯ ಸಾಹುಕಾರರಿಗೆ ತರಹೇವಾರಿ ಚಟಗಳಿವೆ. ಒಬ್ಬರಿಗೆ ಇಸ್ಪೀಟು, ಒಬ್ಬರಿಗೆ ಹೋರಿ, ಇನ್ನೊಬ್ಬರಿಗೆ ಚುನಾವಣೆ. ಶಿವಮೂರ್ತಪ್ಪನವರಿಗೆ ಬೊಂಬೆ ಸಿನಿಮಾ. ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದಾಗಲೆಲ್ಲ, ಹೊರದೇಶದಿಂದ ಬಂದ ಅಸಲಿ ಕ್ಯಾಸೆಟ್ಟುಗಳನ್ನು ಹುಡುಕಿ ತರುತ್ತಿದ್ದರು. ಕೈಯಲ್ಲಿ ಬರೆದ ಚಿತ್ರಗಳೇ ಎದ್ದು ಓಡಾಡುವ, ಹಾಡುವ ಹಳೆಯ ಸಿನಿಮಾಗಳು ಅವು. ಪುಸ್ತಕದ ಹಾಗೆ ತೆರೆಯುವ ದಪ್ಪ ಬಿಳಿ ಡಬ್ಬ, ಅಂಚಿಗೆ ಚಿನ್ನದ ಗೆರೆ. ಕಂಪನಿಯವರು ಒಂದಿಷ್ಟು ದಿನ ಮಾರಿ ನಿಲ್ಲಿಸಿಬಿಡುತ್ತಾರಂತೆ. ಆಮೇಲೆ ತಲೆ ಕೆಳಗಾಗಿ ನಿಂತರೂ ಸಿಗುವುದಿಲ್ಲವಂತೆ. ಮಕ್ಕಳು ನೋಡುವ ಸಿನಿಮಾ ಎಂದು ತಂದು, ಮಕ್ಕಳ ಕೈಗೆ ಮಾತ್ರ ಕೊಡದೆ, ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಮಹಾನುಭಾವರು ಅವರು.

ಊರಿಗೆ ಸಿ.ಡಿ. ಕಾಲಿಟ್ಟ ಆ ವರ್ಷ, ಈ ಸೀಮೆಗೆ ಅಪರೂಪವಾಗಿ, ಮಳೆ ಹಿಡಿದು ಬಿತ್ತು. ಬೀರುವಿನೊಳಗಿನ ಕ್ಯಾಸೆಟ್ಟುಗಳಿಗೆಲ್ಲ ಬೂಸು ಹತ್ತಿತು. ಕೊಕ್ಕರೆಯದ್ದನ್ನು ಅವರ ಮನೆಯ ವಿ.ಸಿ.ಆರ್. ಬೇರೆ ಅಗಿದು ಹಾಕಿತ್ತು. ಹೈದರಾಬಾದಿನ ಗೆಳೆಯರೊಬ್ಬರು, ಅವರಿಗೂ ಇದೇ ಹುಚ್ಚು, ಈ ದಿನ ಸಂಜೆ ಐದಕ್ಕೆ ಕಾರಿನಲ್ಲಿ ಅಂಗಡಿಗೇ ಬರುವವರಿದ್ದರು. ಅವರು ಬರುತ್ತಿದ್ದದ್ದೇ ಆ ಕೊಕ್ಕರೆಯನ್ನು ನೋಡುವುದಕ್ಕೆ. ಶಿವಮೂರ್ತಪ್ಪ ಕ್ಯಾಸೆಟ್ಟುಗಳನ್ನು ತಾವೇ ಹೊತ್ತು ತಂದು ಗೀತಮ್ಮನ ಮೇಜಿನ ಮೇಲೆ ಇಟ್ಟಿದ್ದರು.

"ಗೀತಮ್ಮ, ನಿನ್ನ ಕೈಗೆ ಕೊಡ್ತಾ ಇದೀನಿ. ಅವಳ ಕೈಗೆ ಬ್ಯಾಡ ಅಂದ್ರು ನಮ್ಮನೇಲಿ. ನಾನೇ ಕೇಳ್ಲಿಲ್ಲ," ಎಂದಿದ್ದರು.

ಅವರು ಅಭಿಮಾನದಿಂದಲೇ ಹೇಳಿದ್ದು. ಆದರೆ ಯಾಕೆ ಬೇಡವೆಂದರು ಎಂಬುದು ಗೀತಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮೊಳಕಾಲ್ಮೂರು ಕಡೆಯ ತೊಗಲುಗೊಂಬೆ ಆಡಿಸುವವರ ಮಗಳು. ಕತ್ತೆಯ ಮೇಲೆ ಗೊಂಬೆ ಪೆಟ್ಟಿಗೆ ಹೇರಿಕೊಂಡು ಊರೂರು ಅಲೆದ ಮನೆತನ. ಆಟ ನೋಡಿ ಬಾಯಿ ಚಪ್ಪರಿಸಿದ ಊರೇ, ಬೆಳಗಾಗಿ ಒಂದು ಕೋಳಿ ಕಾಣದಿದ್ದರೆ ಮೊದಲು ಇವರ ಬಿಡಾರಕ್ಕೆ ನುಗ್ಗುತ್ತಿತ್ತು. ಅವ್ವ ಅಡುಗೆಯ ಗಡಿಗೆಯ ಮುಚ್ಚಳ ತೆಗೆದು, ಬಂದವರಿಗೆ ಒಳಗಿನದನ್ನು ತೋರಿಸುತ್ತಿದ್ದುದನ್ನು ಗೀತಮ್ಮ ಸಣ್ಣವಳಿದ್ದಾಗ ಕಣ್ಣಾರೆ ಕಂಡಿದ್ದಳು. ಗಡಿಗೆಯಲ್ಲಿ ಯಾವತ್ತೂ ಕೋಳಿ ಇರುತ್ತಿರಲಿಲ್ಲ. ಬಂದವರು ಯಾವತ್ತೂ ತಪ್ಪಾಯಿತು ಎನ್ನುತ್ತಿರಲಿಲ್ಲ.

ಮಾರ್ಕೆಟ್ಟಿನಲ್ಲಿ ಶೇಂಗಾ ಮೂಟೆ ಹೊರುವ ಓಬಳೇಶನನ್ನು ಮದುವೆಯಾಗಿ ಚಳ್ಳಕೆರೆಗೆ ಬಂದಳು. ಟಿವಿ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸುತ್ತ ಕೆಲಸ ಕಲಿತಳು. ಬಸ್ ಸ್ಟ್ಯಾಂಡಿನ ಹಿಂದೆ ತನ್ನದೇ ಕ್ಯಾಸೆಟ್ ಅಂಗಡಿ ಇಟ್ಟಳು. ಸಿನಿಮಾ ಬಾಡಿಗೆಗೆ ಕೊಡುವುದು, ಜನರ ಮದುವೆ, ನಾಮಕರಣದ ಕ್ಯಾಸೆಟ್ಟುಗಳ ಬೂಸು ಒರೆಸಿ ಹರಿದಲ್ಲಿ ಅಂಟಿಸಿ ಕೊಡುವುದು ಅವಳ ಕಸುಬು. ಒಮ್ಮೆ ಪಕ್ಕದ ಸೈಕಲ್ ಶಾಪಿನ ಎರ್ರಿಸ್ವಾಮಿಯ ಮದುವೆ ಕ್ಯಾಸೆಟ್ ಕಾಣೆಯಾಗಿ, "ಅಲೆಮಾರಿಗಳ ಕೈಗೆ ಕೊಟ್ರೆ ಇನ್ನೇನಾಗ್ತೈತೆ," ಎಂದು ಅವನು ಬೀದಿಗೆಲ್ಲ ಕೇಳುವಂತೆ ಅಂದಿದ್ದ. ಕ್ಯಾಸೆಟ್ ಅವನ ಮನೆಯ ವಿ.ಸಿ.ಪಿ. ಹೊಟ್ಟೆಯಲ್ಲೇ ಸಿಕ್ಕಿತು. ಮಾತು ಮಾತ್ರ ಬೀದಿಯಲ್ಲೇ ಉಳಿಯಿತು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅಂದಿನಿಂದ ಗೀತಮ್ಮ ಯಾರ ವಸ್ತು ಬಂದರೂ ಅವರೆದುರಿಗೇ ಹೆಸರು ಬರೆದ ಚೀಟಿ ಅಂಟಿಸಿ, ಹೇಳಿದ ಗಳಿಗೆಗೆ ವಾಪಸು ಕೊಡುತ್ತ ಬಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂಬ ಗಾದೆಯನ್ನು ಬೇರೆಯವರು ಬಾಯಿಪಾಠ ಮಾಡಿರುತ್ತಾರೆ. ಇವಳು ಅದನ್ನೇ ಉಂಡು ಬೆಳೆದವಳು.

ಈಗ ಊರಿನ ದೊಡ್ಡ ಸಾಹುಕಾರರ, ಎಲ್ಲೂ ಸಿಗದ ಕ್ಯಾಸೆಟ್ಟು ಅವಳ ಅಂಗಡಿಯಿಂದ ಹೋಗಿತ್ತು. ಐದು ಗಂಟೆಗೆ ಅದು ಮೇಜಿನ ಮೇಲಿರದಿದ್ದರೆ ಊರು ಏನನ್ನುತ್ತದೆ ಎಂಬುದು ಅವಳಿಗೆ ಕಿವಿಯಲ್ಲಿ ಆಗಲೇ ಕೇಳುತ್ತಿತ್ತು.

ಬೀಗ ಮುರಿದಿರಲಿಲ್ಲ. ಹಾಗಾದರೆ ಹಿಂದಿನ ಕೋಣೆಯ ಕಡೆಯಿಂದಲೇ ಯಾರೋ ಬಂದಿರಬೇಕು. ರಾತ್ರಿ ಆ ಕೋಣೆಯಲ್ಲಿ ಮಲಗುತ್ತಿದ್ದವನು ಅವಳ ಅಪ್ಪ ದುರುಗಣ್ಣ ಒಬ್ಬನೇ.

"ಅಪ್ಪಾ!" ಎಂದು ಕೂಗುತ್ತ ಒಳಗೆ ಓಡಿದಳು. ಕಂಬಳಿ ಮಡಿಸಿತ್ತು. ಊರುಗೋಲು ಇರಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಹೊಸ ಪಂಚೆ ಇರಲಿಲ್ಲ. ಮೂಲೆಯಲ್ಲಿ, ಅವನು ಆಟ ಬಿಟ್ಟ ಮೇಲೆ ವರ್ಷಗಟ್ಟಲೆ ಕದಲದೆ ಕೂತಿದ್ದ ಬಿದಿರಿನ ಗೊಂಬೆ ಪೆಟ್ಟಿಗೆಯೂ ಇರಲಿಲ್ಲ. ದೇವರ ಗೂಡಿನ ಅರಿಶಿನ ಕುಂಕುಮದ ಬಟ್ಟಲು ಖಾಲಿಯಾಗಿತ್ತು. ಗೀತಮ್ಮನಿಗೆ ಎಲ್ಲ ಹೊಳೆಯಿತು.

ಗೊಂಬೆಯವರ ಪದ್ಧತಿ ಅದು. ಗೊಂಬೆಯ ಆಯಸ್ಸು ಮುಗಿಯಿತೆಂದರೆ ಅದನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಹೊಸ ಬಟ್ಟೆಯ ಮೇಲೆ ಮಲಗಿಸಿ, ಕುಂಕುಮವಿಟ್ಟು, ಹರಿಯುವ ನೀರಿಗೆ ಬಿಡಬೇಕು. ಮೊಳಕಾಲ್ಮೂರಿನಾಚೆ ಹಗರಿ ಹೊಳೆಯಲ್ಲಿ ಒಂದು ಮಡುವಿದೆ. ಅಪ್ಪ, ಅಜ್ಜ, ಅವರಜ್ಜ ಎಲ್ಲರೂ ಕೈ ಹರಿದ, ಕಾಲು ಕಿತ್ತ ಗೊಂಬೆಗಳನ್ನು ಬಿಟ್ಟಿದ್ದು ಅಲ್ಲೇ.

ಮತ್ತೆ ಹಿಂದಿನ ದಿನ ಅವನು ಮೇಜಿನ ಬಳಿ ತುಂಬ ಹೊತ್ತು ನಿಂತಿದ್ದ. ಬೇರೆ ಸಿನಿಮಾಗಳೆಂದರೆ ಮೂಗು ಮುರಿಯುವ ಮುದುಕ, ಬೊಂಬೆ ಸಿನಿಮಾ ಹಾಕಿದರೆ ಮಾತ್ರ ಟಿವಿಯ ಮುಂದೆ ಬಂದು ಕೂರುತ್ತಿದ್ದ. ಮೊದಲ ಸಲ ನೋಡಿದಾಗ, "ತೆರೆ ಹಿಂದೆ ಎಷ್ಟು ಜನ ಅದಾರವ್ವಾ?" ಎಂದು ಕೇಳಿದ್ದ. ಹಿಂದಿನಿಂದ ಬೆಳಕು, ಮುಂದೆ ಬಣ್ಣ, ನಡುವೆ ಜೀವವಿಲ್ಲದ್ದು ಜೀವ ತಾಳಿ ಕುಣಿಯುವುದು. ಇದು ನಮ್ಮದೇ ವಿದ್ಯೆ ಎಂದು ಅವನಿಗೆ ಆ ಗಳಿಗೆಯಲ್ಲೇ ಖಾತ್ರಿಯಾಗಿತ್ತು. ಕೊಕ್ಕರೆಯದ್ದಂತೂ, ಹಿಂಡು ಹಾರಿಹೋದ ಮೇಲೆ ರೆಕ್ಕೆ ಮುರಿದ ಒಂದು ಹಕ್ಕಿ ನಡೆದೇ ಸಮುದ್ರ ಸೇರುವ ಕಥೆ. ಹರಿಯದಿದ್ದ ಅಷ್ಟು ಭಾಗವನ್ನು ಗೀತಮ್ಮ ಹಾಕಿ ನೋಡುತ್ತಿದ್ದಾಗ ಅವನು ಕಣ್ಣೊರೆಸಿಕೊಂಡಿದ್ದ. ಆಮೇಲೆ ಅವಳು ಕ್ಯಾಸೆಟ್ ಬಿಚ್ಚಿದಳು. ಸುಕ್ಕಾಗಿ ತುಂಡಾದ ರೀಲು ಕರುಳಿನಂತೆ ಹೊರಗೆ ಬಂತು. ಅಂಟಿಸುವ ಕೆಲಸ ನಾಳೆ ಮಾಡಿದರಾಯಿತೆಂದು ಡಬ್ಬದೊಳಗೆ ಹಾಗೇ ಇಟ್ಟು ಅವಳು ಮನೆಗೆ ಹೋಗಿದ್ದಳು. ಅಪ್ಪ ಅದನ್ನು ನೋಡಿ ಏನೆಂದುಕೊಂಡ ಎಂಬುದು ಈಗ ಗೊತ್ತಾಯಿತು.

"ಎರ್ರಿಸ್ವಾಮಣ್ಣ, ನಮ್ಮಪ್ಪನ್ನ ನೋಡಿದ್ಯಾ?"

"ಬೆಳಕರಿಯೋಕೆ ಮುಂಚೆ ಬಳ್ಳಾರಿ ಬಸ್ ಹತ್ತಿದ ಕಣಕ್ಕ. ಪೆಟ್ಟಿಗೆ ನಾನೇ ಮೇಲೆತ್ತಿ ಕೊಟ್ಟೆ. ಯಾಕೆ, ಏನಾರ ಕಳದೈತಾ?"

"ಏನೂ ಇಲ್ಲ," ಎಂದು ಗೀತಮ್ಮ ಷಟರ್ ಎಳೆದಳು. ಕೊನೆಯ ಪ್ರಶ್ನೆ ಅವಳ ಬೆನ್ನಿಗೆ ಚುಚ್ಚಿತು.

ಅವಳಿಗೆ ಸಿಕ್ಕಿದ್ದು ಪ್ರೈವೇಟ್ ಬಸ್ಸು. ಅವಸರದವರು ಹತ್ತಬಾರದ ಬಸ್ಸು ಅದು. ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು, ತೋರಿಸದವರಿಗೂ ನಿಂತು ಕೇಳುತ್ತಿತ್ತು. ತಳಕಿನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದ. ಬಿ.ಜಿ.ಕೆರೆಯಲ್ಲಿ ಟಾಪಿನ ಮೇಲೆ ಮೂಟೆ ಹೇರಿದರು. "ಬೇಗ ಬಿಡ್ರಣ್ಣ, ಜೀವ ಹೋಗೋ ಕೆಲ್ಸ ಐತೆ," ಎಂದು ಗೀತಮ್ಮ ಕಂಡಕ್ಟರನಿಗೆ ಕೈ ಮುಗಿದಳು. ಅವನು, "ಎಲ್ರದೂ ಜೀವದ ಕೆಲ್ಸಾನೆ ಕಣಮ್ಮ," ಎಂದು ಸೀಟಿ ಬಾಯಿಗಿಟ್ಟುಕೊಂಡ, ಊದಲಿಲ್ಲ. ಅವಳು ಸೀಟಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಹಾನಗಲ್ ದಾಟುವ ಹೊತ್ತಿಗೆ ಬೆರಳು ಮರಗಟ್ಟಿದ್ದವು. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಅಪ್ಪನಿಗೆ ಮಂಡಿನೋವು, ಮೆಲ್ಲಗೆ ನಡೆಯುತ್ತಾನೆ. ಪೂಜೆಗೆ ಹೊತ್ತು ಹಿಡಿಯುತ್ತದೆ. ಇನ್ನೂ ಬಿಟ್ಟಿರಲಾರ. ಬಿಟ್ಟಿದ್ದರೆ? ನೀರು ಹೊಕ್ಕ ರೀಲನ್ನು ಬ್ರಹ್ಮ ಬಂದರೂ ಸರಿಮಾಡಲಾರ.

ಮೊಳಕಾಲ್ಮೂರಿನಲ್ಲಿ ಆಟೋ ಹಿಡಿದಳು. ನೇಕಾರರ ಬೀದಿಗೆ ತಿರುಗಿದ್ದೇ ತಡ ಆಟೋ ನಿಂತಿತು. ಬೀದಿಗೆ ಅಡ್ಡಲಾಗಿ, ಮಗ್ಗಕ್ಕೇರಿಸುವ ರೇಷ್ಮೆ ನೂಲಿನ ಹಾಸು ಎಳೆದು ಕಟ್ಟಿದ್ದರು. ಹಸಿರು ನೂಲು ಬಿಸಿಲಿಗೆ ಮಿನುಗುತ್ತಿತ್ತು, ಇಬ್ಬರು ಹೆಂಗಸರು ಬಗ್ಗಿ ಎಳೆ ಬಿಡಿಸುತ್ತಿದ್ದರು. ಮುಗಿಯುವವರೆಗೆ ಗಾಡಿ ದಾಟುವಂತಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ, ಆ ಊರಿನ ನ್ಯಾಯ ಅದು. ಗೀತಮ್ಮ ಆಟೋದವನಿಗೆ ಸುತ್ತಿ ಬಂದು ಹೊಳೆಯ ದಾರಿಯಲ್ಲಿ ನಿಲ್ಲಲು ಹೇಳಿ, ತಾನು ಸೆರಗು ಸಿಕ್ಕಿಸಿ, ಹಾಸಿನ ಕೆಳಗೆ ತೆವಳಿದಂತೆ ನುಸುಳಿ ಆ ಕಡೆ ಎದ್ದು ಓಡಿದಳು.

ಹೊಳೆಯ ದಾರಿಯಲ್ಲಿ ಕುರಿ ಕಾಯುವವನೊಬ್ಬ ಸಿಕ್ಕಿದ. ಅವಳು ಏದುಸಿರಲ್ಲಿ ಕೇಳುವ ಮೊದಲೇ ಅವನು ಕೋಲು ಚಾಚಿ, "ತಾತ ಅಟ್ಲ ಪೋಯಿನಾಡಮ್ಮಾ, ಪೆಟ್ಟಿ ಎತ್ಕೊಂಡು," ಎಂದು ತೆಲುಗು ಬೆರೆಸಿ ಹೇಳಿ, ಮುದುಕ ಹೋದ ಮಡುವಿನ ಕಡೆ ತೋರಿಸಿದ. ಅವಳು ಜಾಲಿಮುಳ್ಳು ತುಳಿದುಕೊಂಡೇ ಓಡಿದಳು. ದಂಡೆ ಹತ್ತಿದಾಗ ಕಂಡಿತು. ದುರುಗಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಎರಡೂ ಕೈಯಲ್ಲಿ ಹಿಡಿದಿದ್ದು ಆ ಬಿಳಿಯ ಡಬ್ಬ.

"ಅಪ್ಪಾ, ಬಿಡಬ್ಯಾಡ! ಅದು ನಮ್ಮದಲ್ಲ!"

ಕೂಗು ಕೇಳಿ ಅವನು ತಿರುಗಿದ. ಅವಳು ನೀರಿಗೆ ನುಗ್ಗಿ, ಅಪ್ಪ ಎಂದೂ ನೋಡದೆ, ಅವನ ಕೈಯಿಂದ ಡಬ್ಬ ಕಿತ್ತುಕೊಂಡಳು. ತೆರೆದು ನೋಡಿದಳು. ಒಣಗಿತ್ತು. ಬಿಳಿಯ ಡಬ್ಬದ ನೆತ್ತಿಯಲ್ಲಿ, ಕೊಕ್ಕರೆಯ ಚಿತ್ರದ ಹಣೆಗೆ ಸರಿಯಾಗಿ, ಒಂದು ಬೊಟ್ಟು ಕುಂಕುಮವಿತ್ತು. ಅಷ್ಟೇ. ಅವಳು ಡಬ್ಬ ಮುಚ್ಚಿ ಎದೆಗೆ ಒತ್ತಿಕೊಂಡಳು.

ಅವಳು ಒಂದು ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ಅಪ್ಪ ಜಗಳವಾಡಲಿಲ್ಲ.

"ಬ್ಯಾರೆಯವರದಾ? ಹೇಳಬಾರ್ದಿತ್ತಾ ಮತ್ತೆ," ಎಂದ. "ಕೇಳೋರು ಅದಾರಾ ಅದನ್ನ?"

"ಅದಾರಪ್ಪ. ಸಂಜೆ ಐದಕ್ಕೆ ಬರ್ತಾರೆ. ಐದ್ರಾಬಾದಿಂದ ಬರ್ತಾರೆ, ಇದನ್ನೇ ನೋಡಾಕೆ."

"ಹಂಗಾರೆ ತಪ್ಪಾಯ್ತು ನಂದು. ಕೈ ಹರೀಲಿ, ಕರುಳು ಹೊರಗೆ ಬರ್ಲಿ, ಕೇಳೋರು ಇರೋತನಕ ಗೊಂಬೆ ಸಾಯಾಕಿಲ್ಲ. ಅಂಥದ್ದನ್ನ ನೀರಿಗೆ ಬಿಡಬಾರ್ದು, ಪಾಪ ಬರ್ತೈತೆ." ಅವನು ಡಬ್ಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಆದ್ರೆ ಕಳಿಸೋ ಕುಂಕುಮ ಇಟ್ಟುಬಿಟ್ಟೀನಿ. ವಾಪಸ್ ಕರಕೊಂಡು ಹೋಗೋದಾದ್ರೆ ಇವತ್ತೇ ಒಂದು ಆಟ ಆಡಿಸ್ಬೇಕು. ಮರೀಬ್ಯಾಡ."

"ಆಡಿಸ್ತೀನಿ," ಎಂದಳು ಗೀತಮ್ಮ. ನಗು ಬಂತು, ಅಳುವೂ ಬಂತು. ತಿರುಗಿ ದಂಡೆಯ ಕಡೆ ನೋಡಿದ್ದು ಆಗಲೇ.

ದಂಡೆಯ ಮೇಲೆ ಹೊಸ ಪಂಚೆ ಹಾಸಿತ್ತು. ಪಂಚೆಯ ಮೇಲೆ ಗೊಂಬೆಗಳು. ಒಂದೆರಡಲ್ಲ, ಇಡೀ ಪೆಟ್ಟಿಗೆ. ಒಂದು ಕಡೆ ಗಣಪ, ರಾಜರು, ರಾಣಿಯರು, ಕೋತಿಗಳು. ನಡುವೆ ಜಾಗ ಬಿಟ್ಟು ಇನ್ನೊಂದು ಕಡೆ ರಾಕ್ಷಸರು. ಪೆಟ್ಟಿಗೆಯಲ್ಲೂ ಒಳ್ಳೆಯವರನ್ನು ಕೆಟ್ಟವರನ್ನು ಕೂಡಿಸಿ ಇಡುವಂತಿಲ್ಲ, ದಂಡೆಯ ಮೇಲೂ ಇಟ್ಟಿರಲಿಲ್ಲ. ಬಿಸಿಲು ತೊಗಲಿನೊಳಗಿಂದ ಹಾದು ಪಂಚೆಯ ಮೇಲೆ ಕೆಂಪು, ಹಸಿರು ಬಿದ್ದಿತ್ತು. ಒಂದಕ್ಕೂ ಕೈ ಹರಿದಿರಲಿಲ್ಲ, ಕಾಲು ಕಿತ್ತಿರಲಿಲ್ಲ. ಎಲ್ಲವುಗಳ ಹಣೆಗೂ ಕುಂಕುಮವಿತ್ತು.

"ಇವನ್ನೆಲ್ಲ ಯಾಕಪ್ಪ ತಂದೆ? ಇವು ಚೆನ್ನಾಗೇ ಅದಾವಲ್ಲ."

"ಚೆನ್ನಾಗದಾವೆ."

"ಮತ್ತೆ?"

"ಯಾರು ಕೇಳ್ತಾರೆ ಇವನ್ನ?" ದುರುಗಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ಮುಖವನ್ನೇ ನೋಡುತ್ತ ಕೇಳಿದ, "ನೀನು ಕೇಳ್ತೀಯಾ? ಕೇಳ್ತೀನಿ ಅಂದ್ರೆ ಕೂತ್ಕೋ. ಕತ್ತಲಾಗ್ಲಿ. ಪಂಚೆ ಕಟ್ಟಿ, ದೀಪ ಹಚ್ಚಿ, ನಿನಗೊಂದು ಆಟ ಆಡಿಸ್ತೀನಿ. ಆಮೇಲೆ ಎಲ್ಲರನ್ನೂ ಕರಕೊಂಡು ಮನೆಗೆ ಹೋಗಾನ."

ಆಚೆ ದಾರಿಯಲ್ಲಿ ಆಟೋದವನು ಹಾರನ್ ಹೊಡೆದ.

ಒಂದು ಮಾತು ಸಾಕಾಗಿತ್ತು. ಕೇಳ್ತೀನಿ ಎಂಬ ಒಂದು ಮಾತು. ಗೀತಮ್ಮನ ನಾಲಗೆಯ ತುದಿಗೆ ಅದು ಬಂದಿತ್ತು ಕೂಡ. ಆದರೆ ಅದನ್ನು ಸುಳ್ಳು ಸುಳ್ಳೇ ಹೇಳುವಂತಿರಲಿಲ್ಲ. ಹೇಳಿದರೆ ಕತ್ತಲಾಗುವ ತನಕ ಕೂರಬೇಕು. ಕತ್ತಲಾಗುವ ತನಕ ಕೂತರೆ ಐದು ಗಂಟೆಗೆ ಶಿವಮೂರ್ತಪ್ಪನವರು ಗೆಳೆಯರ ಜೊತೆ ಬಂದು, ಎಳೆದ ಷಟರ್ ಮುಂದೆ ನಿಲ್ಲುತ್ತಾರೆ. ಸೈಕಲ್ ಶಾಪಿನವನು, ಅಪ್ಪ ಪೆಟ್ಟಿಗೆ ಹೊತ್ತು ಹೋದ, ಹಿಂದೆಯೇ ಮಗಳೂ ಹೋದಳು ಎನ್ನುತ್ತಾನೆ. ಆಮೇಲೆ ಹೇಳುವುದಕ್ಕೇನು ಉಳಿಯುತ್ತದೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಅವಳ ಪಾಡು. ಅವಳು ಎದೆಗೆ ಒತ್ತಿ ಹಿಡಿದಿದ್ದ ಡಬ್ಬವನ್ನು ನೋಡಿದಳು. ದಾರಿಯ ಕಡೆ ನೋಡಿದಳು. ಅಪ್ಪ ಕಾದ. ಅವನು ಅವಸರ ಮಾಡಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಹಾರನ್ ಮತ್ತೆ ಕೇಳಿತು.

"ಅಪ್ಪಾ, ಅದು..." ಎಂದು ಅವಳು ಬಾಯಿ ತೆರೆಯುವ ಹೊತ್ತಿಗೆ ಅವನು ಬಗ್ಗಿ ಗಣಪನನ್ನು ಎತ್ತಿಕೊಂಡಿದ್ದ.

ಒಬ್ಬೊಬ್ಬರನ್ನೇ ನೀರಿನ ಮೇಲೆ ಮಲಗಿಸಿದ. ಪ್ರತಿಯೊಬ್ಬರ ಹೆಸರನ್ನೂ ಹೇಳಿದ. ತೊಗಲು ಬೇಗ ಮುಳುಗುವುದಿಲ್ಲ. ಒಂದು ರಾಣಿ ಕೈಬೀಸಿದಂತೆ ತಿರುಗಿ, ನಿಧಾನವಾಗಿ ಮಡುವಿನ ನಡುವಿಗೆ ಹೋಯಿತು. ಗೀತಮ್ಮ ಚಿಕ್ಕವಳಿದ್ದಾಗ ಆ ರಾಣಿಯ ದನಿಯಲ್ಲಿ ತೆರೆಯ ಹಿಂದೆ ಹಾಡಿದ್ದವಳು ಅವಳ ಅವ್ವ. ಈಗ ಅದು ಕಣ್ಣೆದುರೇ ಹೋಗುತ್ತಿತ್ತು. ಈಜಿ ಹಿಡಿಯಬೇಕಾದಷ್ಟು ದೂರವೂ ಹೋಗಿರಲಿಲ್ಲ, ನಾಲ್ಕು ಹೆಜ್ಜೆ ಹಾಕಿದ್ದರೆ ಕೈಗೆ ಸಿಗುತ್ತಿತ್ತು. ಆದರೆ ಕೈಯಲ್ಲಿ ಕ್ಯಾಸೆಟ್ಟಿತ್ತು, ನೆನೆದರೆ ಕೆಡುವಂಥದು. ಅವಳು ಅಲುಗಲಿಲ್ಲ.

ಕೊನೆಗೆ ದುರುಗಣ್ಣ ಖಾಲಿ ಪೆಟ್ಟಿಗೆಯನ್ನು ದಂಡೆಯಲ್ಲೇ ಬಿಟ್ಟು, ಹಾಸಿದ್ದ ಪಂಚೆ ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ನಡಿ, ಬಸ್ ತಪ್ಪೀತು," ಎಂದ.

ವಾಪಸಿನ ಬಸ್ಸು ಮಾತ್ರ ಎಲ್ಲೂ ನಿಲ್ಲದೆ, ದರಿದ್ರದ್ದು, ಗಾಳಿಯ ಹಾಗೆ ಬಂತು. ಅಂಗಡಿ ತೆರೆದು, ಕೈ ತೊಳೆದು, ಗೀತಮ್ಮ ಸುಕ್ಕಾದ ತುಂಡನ್ನು ಕತ್ತರಿಸಿ ತೆಗೆದು ರೀಲನ್ನು ಸೇರಿಸಿ ಅಂಟಿಸಿದಳು. ಹರಿದ ಕಡೆ ಕಣ್ಣು ಮಂಜಾಗಿ ಎರಡು ಸಲ ನಿಲ್ಲಿಸಬೇಕಾಯಿತು. ಡಬ್ಬದ ಮೇಲಿನ ಕುಂಕುಮವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಳು. ಹೇಳಿದ ಹೊತ್ತಿಗೆ ಸರಿಯಾಗಿ ಶಿವಮೂರ್ತಪ್ಪನವರು ಬಂದರು, ಜೊತೆಗೆ ಹೈದರಾಬಾದಿನವರು. ಅವಳು ಕ್ಯಾಸೆಟ್ ಹಾಕಿದಳು. ಕೊಕ್ಕರೆ ಎದ್ದು, ಕುಂಟುತ್ತ, ಸಮುದ್ರದ ಕಡೆ ನಡೆಯಿತು. ಹೈದರಾಬಾದಿನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸಣ್ಣದೊಂದು ತುಂಡು ಹೋಗೈತೆ ಸಾವ್ಕಾರ್ರೆ. ಉಳಿದದ್ದು ಉಳೀತು," ಎಂದಳು ಗೀತಮ್ಮ.

"ಪರವಾಗಿಲ್ಲ ಬಿಡಮ್ಮ. ಇಂಥವು ಇನ್ಯಾರೂ ಮಾಡಲ್ಲ, ಇನ್ನೆಲ್ಲೂ ಸಿಗಲ್ಲ. ಇರೋದನ್ನಾದ್ರೂ ಉಳಿಸ್ಕೋಬೇಕು," ಎಂದರು ಶಿವಮೂರ್ತಪ್ಪ. ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿಯೇ ಅವಳನ್ನು ಹೊಗಳಿ, ಹನ್ನೆರಡೂ ಡಬ್ಬಗಳನ್ನು ಕಾರಿಗೆ ಹಾಕಿಸಿಕೊಂಡು ಹೋದರು. ಅವಳ ಹೆಸರಿಗೆ ಒಂದು ಕಲೆಯೂ ಹತ್ತಲಿಲ್ಲ. ಅದಕ್ಕಾಗಿ ಅವಳು ಸಂತೋಷಪಡಲು ನೋಡಿದಳು, ಆಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಿ ಅಪ್ಪನಿಗೆ ಊಟಕ್ಕೆ ಬಡಿಸಿದಳು. ಅವನು ಮುದ್ದೆ ಮುರಿಯುತ್ತಿದ್ದಾಗ ಎದುರಿಗೆ ಕುಳಿತು, ಹೊಳೆಯಲ್ಲಿ ಹೇಳದೆ ಬಿಟ್ಟದ್ದನ್ನು ಹೇಳಿದಳು.

"ನಾನು ಕೇಳ್ತಿದ್ದೆ ಅಪ್ಪ. ನಿಜವಾಗ್ಲೂ. ನಾನು ಕೇಳ್ತಿದ್ದೆ ಅವನ್ನ."

ದುರುಗಣ್ಣ ತುತ್ತನ್ನು ಸಾರಿನಲ್ಲಿ ಅದ್ದಿದ.

"ಗೊತ್ತು ಕಣವ್ವ," ಎಂದ. "ನಿನಗೆ ಹೊತ್ತಾಗಿತ್ತು."